ಪಿಕಪ್ ಗಾಡಿಯ ಮುಂಗಾಲಿಯ ಸದ್ದು

ಎತ್ತಿನ ಗಾಡಿಯೇ ಸಾಗಾಣಿಕೆಯ ಮುಖ್ಯ ಸಾಧನವಾಗಿದ್ದ ಕಾಲದಲ್ಲಿ ಗಾಡಿಯ ಅಚ್ಚು ಕಿರುಗುಟ್ಟಿದರೆ ಮನೆಯ ಯಜಮಾನನು ಜಗಲಿಯ ಮೇಲೆ ಕುಳಿತಿದ್ದಂತೆಯೇ ಅದನ್ನು ಕೇಳಿ, ಕೀಲೆಣ್ಣೆ ಹಾಕುವಂತೆ ಆಳಿಗೆ ಹೇಳುತ್ತಿದ್ದನು. ಗುಂಬ ಸವೆದಿದೆಯೋ, ಕಡಾಣಿ ಸಡಿಲವಾಗಿದೆಯೋ, ಗಾಲಿಯ ಹಳಿ ಬಿಚ್ಚಿಕೊಂಡಿದೆಯೋ ಎಂಬುದು ಅವನಿಗೆ ಸದ್ದಿನಿಂದಲೇ ತಿಳಿಯುತ್ತಿತ್ತು. ಅಂಥದೇ ಮನೆಗಳ ಅಂಗಳದಲ್ಲಿ ಇಂದು ಲಕ್ಷಗಟ್ಟಲೆ ರೂಪಾಯಿ ಬೆಲೆಯ ಪಿಕಪ್ ಗಾಡಿ ನಿಂತಿದೆ. ಅದರ ಮುಂಗಾಲಿಯ ಬಳಿ ತಿಂಗಳುಗಟ್ಟಲೆ ಏನೋ ಒಂದು ಟಕಟಕನೆ ಬಡಿಯುತ್ತಿದ್ದರೂ ಯಜಮಾನನಿಗೆ ಅದು ಕೇಳಿಸುವುದಿಲ್ಲ. ಕೇಳಿಸಿದರೂ, ಅದು ಡ್ರೈವರನ ಬಾಬತ್ತು ಎಂದು ಸುಮ್ಮನಾಗುವುದು ವಾಡಿಕೆಯಾಗಿಬಿಟ್ಟಿದೆ. ಈ ವಾಡಿಕೆಯು ಹಣಕ್ಕೂ ಪ್ರಾಣಕ್ಕೂ ಕೇಡು.

ಕೃಷಿಗೆ ಸಂಬಂಧಪಟ್ಟ ಪತ್ರಿಕೆಯಲ್ಲಿ ಮೋಟಾರಿನ ಮಾತೇಕೆ ಎಂದು ಕೆಲವರು ಕೇಳಬಹುದು. 2005ರಲ್ಲಿ ಟಾಟಾ ಏಸ್ ಎಂಬ ಸಣ್ಣ ಸರಕು ಗಾಡಿಯು ಮಾರುಕಟ್ಟೆಗೆ ಬಂದಿತು. ಅಂದಿನಿಂದೀಚೆಗೆ ಇಂಥ ಗಾಡಿಗಳೂ ಇವಕ್ಕಿಂತ ದೊಡ್ಡವಾದ ಪಿಕಪ್‌ಗಳೂ ಬೇಸಾಯದ ಉಪಕರಣಗಳ ಸಾಲಿಗೇ ಸೇರಿಹೋಗಿವೆ. ದಾವಣಗೆರೆ, ಹರಿಹರ ತಾಲ್ಲೂಕುಗಳಲ್ಲಂತೂ ಮೆಕ್ಕೆಜೋಳ, ಭತ್ತ, ತರಕಾರಿ, ಗೊಬ್ಬರ, ಹಿಂಡಿ ಇವೆಲ್ಲವೂ ಇವುಗಳ ಮೇಲೆಯೇ ಸಾಗುತ್ತವೆ. ಬೆಳಗ್ಗೆ ಹೊಲದ ಬಂಡಿಜಾಡಿನಲ್ಲಿಯೂ ಭದ್ರಾ ನಾಲೆಯ ಏರಿಯ ಮೇಲೂ ಕುಲುಕಾಡಿದ ಗಾಡಿಯು ಮಧ್ಯಾಹ್ನ 48ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಲಾರಿಗಳ ಸಮಕ್ಕೆ ಓಡುತ್ತದೆ. ಸಾಯಂಕಾಲ ಕರೂರು ಕೈಗಾರಿಕಾ ಪ್ರದೇಶದಲ್ಲಿ ಸರಕಿಳಿಸಿ ಊರಿಗೆ ಹಿಂದಿರುಗುತ್ತದೆ. ಒಂದೇ ದಿನದಲ್ಲಿ ಇಷ್ಟು ಬಗೆಯ ದಾರಿಯ ಪೆಟ್ಟನ್ನು ತಿನ್ನುವುದು ಮುಂಗಾಲಿಗಳನ್ನು ಹಿಡಿದಿರುವ ಕೀಲುಗಳು, ಬುಶ್‌ಗಳು ಮತ್ತು ಸ್ಪ್ರಿಂಗುಗಳು. ಹೆಚ್ಚಿನ ಪಿಕಪ್‌ಗಳಲ್ಲಿ ಎಂಜಿನ್ನಿನ ಭಾರವೂ, ಗಾಡಿಯನ್ನು ತಿರುಗಿಸುವ ಕೆಲಸವೂ, ಬ್ರೇಕಿನ ಹೆಚ್ಚು ಪಾಲೂ ಈ ಮುಂಭಾಗಕ್ಕೇ ಬಿದ್ದಿರುವುದರಿಂದ ಅಲ್ಲಿನ ಸವೆತವು ಬೇಗನೆ ಅಪಾಯಕ್ಕೆ ತಿರುಗುತ್ತದೆ.

ಸದ್ದು ಕೇಳಿಬಂದ ಗಾಡಿಯನ್ನು ಗ್ಯಾರೇಜಿಗೆ ಕಳುಹಿಸುವುದೇನೋ ಸರಿ. ಆದರೆ ಯಜಮಾನನು ಮನೆಯಲ್ಲಿಯೇ ಉಳಿದು, ‘ಮುಂದೆ ಏನೋ ಸದ್ದು, ನೋಡಿ ಮಾಡಿಕೊಡಿ’ ಎಂದಷ್ಟೇ ಹೇಳಿ ಕಳುಹಿಸಿದರೆ ಸಾಮಾನ್ಯವಾಗಿ ಆಗುವುದು ಒಂದೇ. ಕಣ್ಣಿಗೆ ಬೀಳುವಂಥದೂ ಬಿಲ್ಲಿಗೆ ತೂಕ ಬರುವಂಥದೂ ಆದ ಶಾಕ್ ಅಬ್ಸಾರ್ಬರುಗಳೆರಡನ್ನೂ ಬದಲಾಯಿಸಲಾಗುತ್ತದೆ. ಗಾಡಿ ಊರಿಗೆ ಬರುವಷ್ಟರಲ್ಲಿ ಮತ್ತೆ ಅದೇ ಸದ್ದು. ಶಾಕ್ ಅಬ್ಸಾರ್ಬರು ಕೆಟ್ಟಾಗ ಗಾಡಿಯು ತೊಟ್ಟಿಲಿನಂತೆ ತೂಗುವುದುಂಟು, ಅದರ ಮೈಮೇಲೆ ಎಣ್ಣೆ ಒಸರುವುದುಂಟು, ಟೈರು ಅಲ್ಲಲ್ಲಿ ತಗ್ಗುಬಿದ್ದು ಸವೆಯುವುದುಂಟು. ಆದರೆ ಬಡಿತದ ಸದ್ದಿಗೆ ಅದರ ಒಳಗಿನ ಯಂತ್ರಕ್ಕಿಂತ ಅದನ್ನು ಮೇಲೆ ಕೆಳಗೆ ಹಿಡಿದಿರುವ ರಬ್ಬರು ಬುಶ್ಶೇ ಅನೇಕ ವೇಳೆ ಕಾರಣವಾಗಿರುತ್ತದೆ. ಸಾವಿರಗಟ್ಟಲೆ ರೂಪಾಯಿ ವ್ಯಯವಾದ ಮೇಲೆ ಈ ಅಲ್ಪ ಬೆಲೆಯ ಬುಶ್ಶಿನ ಕಡೆ ಯಾರದಾದರೂ ಕಣ್ಣು ಹರಿಯುತ್ತದೆ. ಮೇಸ್ತ್ರಿಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಯಾವಾಗ, ಎಲ್ಲಿ, ಹೇಗೆ ಎಂಬುದನ್ನು ಹೇಳದೆ ರೋಗಿಯನ್ನು ಕಳುಹಿಸಿದರೆ ವೈದ್ಯನಾದರೂ ಏನು ಮಾಡಿಯಾನು?

ಆದುದರಿಂದ ಮೊದಲು ಮಾಡತಕ್ಕ ಕೆಲಸವೆಂದರೆ ಸದ್ದಿನ ಲಕ್ಷಣವನ್ನು ಗೊತ್ತುಮಾಡಿಕೊಳ್ಳುವುದು. ಅದಕ್ಕೂ ಮುಂಚೆ ಸೀಟಿನ ಕೆಳಗಿರುವ ಜಾಕು, ಸ್ಪ್ಯಾನರುಗಳು, ತೊಟ್ಟಿಯ ಹಿಂಬಾಗಿಲಿನ ಸರಪಣಿ, ಸ್ಟೆಪ್ನಿ ಇವುಗಳನ್ನೆಲ್ಲ ತೆಗೆದಿಡಬೇಕು ಅಥವಾ ಬಿಗಿದು ಕಟ್ಟಬೇಕು. ಸೀಟಿನಡಿ ಹೊರಳಾಡುವ ಜಾಕಿನ ಸಲುವಾಗಿ ಬುಶ್ ಬದಲಾಯಿಸಿಕೊಂಡು ಬರುವುದು ನಗುವ ಮಾತಾದರೂ ನಡೆಯದ ಮಾತಲ್ಲ. ಆಮೇಲೆ ಗಾಲಿಯ ನಟ್ಟುಗಳ ಬಿಗಿಯನ್ನು ಪರೀಕ್ಷಿಸತಕ್ಕದ್ದು. ಸಡಿಲವಾದ ನಟ್ಟು ಸಹ ಬಡಿತದ ಸದ್ದನ್ನೇ ಕೊಡುತ್ತದೆ. ಆ ಸ್ಥಿತಿಯಲ್ಲಿ ಗಾಡಿಯನ್ನು ಒಂದು ಮಾರು ದೂರವೂ ಓಡಿಸಕೂಡದು.

ಇಷ್ಟಾದ ಮೇಲೆ ಕಿಟಕಿಯ ಗಾಜನ್ನು ಇಳಿಸಿ, ಡ್ರೈವರನ ಪಕ್ಕದಲ್ಲಿ ಯಜಮಾನನೇ ಕುಳಿತು, ರಸ್ತೆಯ ಉಬ್ಬೊಂದನ್ನು ಎರಡು ಮುಂಗಾಲಿಗಳೂ ಏಕಕಾಲಕ್ಕೆ ಹತ್ತುವಂತೆ ನಿಧಾನವಾಗಿ ದಾಟಿಸಬೇಕು. ಅನಂತರ ಒಂದೇ ಗಾಲಿಯು ಗುಂಡಿಗೆ ಇಳಿಯುವಂತೆ ನಡೆಸಬೇಕು. ಎರಡೂ ಗಾಲಿ ಒಟ್ಟಿಗೆ ಏರಿದಾಗ ಸದ್ದಿಲ್ಲದೆ, ಒಂದೇ ಗಾಲಿ ಇಳಿದಾಗ ಮಾತ್ರ ಟಕ್ಕೆಂದರೆ ಎರಡು ಪಕ್ಕಗಳನ್ನೂ ಜೋಡಿಸುವ ಸ್ಟೆಬಿಲೈಸರ್ ಬಾರಿನ ಲಿಂಕು ಅಥವಾ ಅದರ ಬುಶ್ಶಿನ ಮೇಲೆ ಅನುಮಾನಪಡಬೇಕು. ಆ ಬಾರು ಕೆಲಸಮಾಡುವುದು ಎರಡು ಪಕ್ಕಗಳು ಏರುಪೇರಾದಾಗ ಮಾತ್ರ. ಬ್ರೇಕು ಹಾಕಿದಾಗ ಒಮ್ಮೆ, ಹಿಂದಕ್ಕೆ ತೆಗೆದುಕೊಂಡು ನಿಲ್ಲಿಸಿದಾಗ ಇನ್ನೊಮ್ಮೆ ದಡ್ ಎಂದರೆ ಆರ್ಮಿನ ಬುಶ್ ಹರಿದಿರಬಹುದು. ಕಮಾನು ಪಟ್ಟಿಯ ಗಾಡಿಯಾದರೆ ಯು ಬೋಲ್ಟು ಸಡಿಲವಾಗಿರಬಹುದು ಅಥವಾ ಪಟ್ಟಿಯ ತುದಿಯ ಬುಶ್ ಸವೆದಿರಬಹುದು. ನಿಂತಲ್ಲಿಯೇ ಸ್ಟೀರಿಂಗ್ ತಿರುಗಿಸುವಾಗ ಕಿರುಗುಟ್ಟಿದರೆ ಬಾಲ್ ಜಾಯಿಂಟು ಇಲ್ಲವೆ ಕಿಂಗ್ ಪಿನ್ನು ಒಣಗಿದೆಯೆಂದು ಭಾವಿಸಬಹುದು. ವೇಗ ಹೆಚ್ಚಿದಂತೆ ಹೆಚ್ಚುತ್ತ ಹೋಗುವ ಗುಂಯ್ ಎಂಬ ನಾದವು ಬೇರಿಂಗಿನದು. ಎಡಕ್ಕೆ ಹೊರಳುವಾಗ ಭಾರವು ಬಲಗಾಲಿಗೆ ಹೋಗುವುದರಿಂದ, ಆಗ ಆ ನಾದವು ಏರಿದರೆ ಬಲಗಡೆಯ ಬೇರಿಂಗನ್ನು ಮೊದಲು ನೋಡತಕ್ಕದ್ದು.

ಬೇಸಿಗೆಯಲ್ಲಿ ಕಿರಕಿರನೆ ಅಳುತ್ತಿದ್ದ ಗಾಡಿಯು ಮಳೆಗೆ ನೆನೆದೊಡನೆ ಮೌನವಾದರೆ ಆ ಸದ್ದು ರಬ್ಬರಿನ ಅಥವಾ ಕಮಾನು ಪಟ್ಟಿಗಳ ಉಜ್ಜಾಟದ್ದು. ಅದರಿಂದ ತತ್ಕ್ಷಣದ ಭಯವಿಲ್ಲ. ಇದಕ್ಕೆ ಎಂಜಿನ್ನಿನಿಂದ ತೆಗೆದ ಕಪ್ಪೆಣ್ಣೆಯನ್ನು ಎರಚುವ ಪದ್ಧತಿಯೊಂದಿದೆ. ಒಂದು ವಾರ ಸದ್ದು ಅಡಗುವುದು ನಿಜ. ಆದರೆ ಆ ಎಣ್ಣೆಯಿಂದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಹೊಲದ ಧೂಳು ಅದಕ್ಕೆ ಅಂಟಿ ಸಾಣೆಯ ಪುಡಿಯಂತೆ ಕಬ್ಬಿಣವನ್ನು ತಿನ್ನುತ್ತದೆ. ಎತ್ತಿನ ಗಾಡಿಯ ಮರದ ಗುಂಬಕ್ಕೆ ಹಿತವಾಗಿದ್ದ ಉಪಚಾರವು ರಬ್ಬರು ಬುಶ್ಶಿಗೆ ವಿಷ. ಗ್ರೀಸು ಹಾಕತಕ್ಕದ್ದು ನಿಪ್ಪಲ್ ಇಟ್ಟಿರುವ ಕಡೆ ಮಾತ್ರ. ಅಲ್ಲಿಯಾದರೋ ತಪ್ಪದೆ ಹಾಕಬೇಕು.

ಮೇಲೆ ಹೇಳಿದ ಸದ್ದುಗಳಲ್ಲೆಲ್ಲ ಬಾಲ್ ಜಾಯಿಂಟಿನದು ಅತ್ಯಂತ ಗಂಭೀರವಾದುದು. ಅದು ಸವೆದು ತನ್ನ ಗೂಡಿನಿಂದ ಕಳಚಿತೆಂದರೆ ಗಾಲಿಯು ಮಡಚಿಕೊಂಡು ಗಾಡಿಯ ಮೂತಿ ನೆಲಕ್ಕೆ ಕುಸಿಯುತ್ತದೆ. ಸ್ಟೀರಿಂಗು ಕೈಯಲ್ಲಿದ್ದರೂ ಇಲ್ಲದಂತೆಯೇ. ಇದರ ಸವೆತವನ್ನು ಕಂಡುಹಿಡಿಯಬೇಕಾದರೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂಗಾಲಿಗೆ ಅಡ್ಡೆ ಕೊಟ್ಟು, ಮುಂಗಾಲಿಯನ್ನು ಎತ್ತಿ, ಗಡಿಯಾರದ 12 ಮತ್ತು 6ರ ಸ್ಥಾನಗಳಲ್ಲಿ ಎರಡು ಕೈಗಳಿಂದ ಹಿಡಿದು ಅಲ್ಲಾಡಿಸಬೇಕು. ಆಟ ಕಂಡುಬಂದರೆ ಇನ್ನೊಬ್ಬನು ಬ್ರೇಕನ್ನು ಒತ್ತಿ ಹಿಡಿಯಲಿ. ಆಟವು ಆಗ ನಿಂತರೆ ದೋಷವು ಬೇರಿಂಗಿನಲ್ಲಿದೆ; ನಿಲ್ಲದೆ ಹಾಗೆಯೇ ಇದ್ದರೆ ಬಾಲ್ ಜಾಯಿಂಟಿನಲ್ಲಿಯೋ ಕಿಂಗ್ ಪಿನ್ನಿನಲ್ಲಿಯೋ ಇದೆ. 3 ಮತ್ತು 9ರ ಸ್ಥಾನಗಳಲ್ಲಿ ಮಾತ್ರ ಆಡಿದರೆ ಟೈ ರಾಡಿನ ತುದಿಗಳನ್ನು ನೋಡಬೇಕು.

ಇಲ್ಲಿ ಒಂದು ಸೂಕ್ಷ್ಮವುಂಟು. ಇದನ್ನು ಅರಿಯದೆ ಎಷ್ಟೋ ಗಾಡಿಗಳು ‘ಏನೂ ದೋಷವಿಲ್ಲ’ ಎನ್ನಿಸಿಕೊಂಡು ಹಿಂದಿರುಗುತ್ತವೆ. ಸ್ಪ್ರಿಂಗಿನ ಭಾರವು ಕೆಳಗಿನ ಆರ್ಮಿನ ಮೇಲಿರುವ ಗಾಡಿಯಲ್ಲಿ ಜಾಕನ್ನು ಚಾಸಿಗೆ ಕೊಟ್ಟು ಎತ್ತಿದರೆ ಸ್ಪ್ರಿಂಗು ಆರ್ಮನ್ನು ಕೆಳಕ್ಕೆ ದೂಡಿ ಜಾಯಿಂಟನ್ನು ಬಿಗಿಯಾಗಿ ಹಿಡಿದಿಡುತ್ತದೆ. ಸವೆದ ಕೀಲು ಆಗ ಹೊಸದರಂತೆ ತೋರುತ್ತದೆ. ಜಾಕನ್ನು ಕೆಳಗಿನ ಆರ್ಮಿಗೇ, ಗಾಲಿಗೆ ಆದಷ್ಟು ಸಮೀಪವಾಗಿ ಕೊಟ್ಟು ಎತ್ತಿದರೆ ಮಾತ್ರ ಜಾಯಿಂಟಿನ ಮೇಲಿನ ಒತ್ತಡ ಇಳಿದು ಅದರ ನಿಜಸ್ಥಿತಿ ಹೊರಬೀಳುವುದು. ಕಮಾನು ಪಟ್ಟಿ ಮತ್ತು ಒಂಟಿ ಅಚ್ಚಿನ ಗಾಡಿಗಾದರೆ ಜಾಕನ್ನು ಅಚ್ಚಿಗೇ ಕೊಡತಕ್ಕದ್ದು. ಹೇಗೆ ಎತ್ತಿದರೂ, ಜಾಕೊಂದನ್ನೇ ನಂಬಿ ಯಾರೂ ಗಾಡಿಯ ಕೆಳಗೆ ನುಗ್ಗಕೂಡದು.

ದುರಸ್ತಿಯಾದ ಗಾಡಿ ಕೆಲವೇ ತಿಂಗಳಲ್ಲಿ ಮತ್ತೆ ಸದ್ದು ಮಾಡುವುದಕ್ಕೂ ಇಂಥದೇ ಒಂದು ಕಾರಣವಿದೆ. ಆರ್ಮಿನ ರಬ್ಬರು ಬುಶ್ ಜಾರುವುದಿಲ್ಲ, ತಿರುಚಿಕೊಂಡು ಮರಳುತ್ತದೆ. ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಅದರ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟರೆ, ಗಾಡಿಯನ್ನು ನೆಲಕ್ಕಿಳಿಸಿದ ಕ್ಷಣದಿಂದ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಗಾಡಿಯ ಭಾರವು ಗಾಲಿಗಳ ಮೇಲೆ ನಿಂತ ಅನಂತರವೇ ಕೊನೆಯ ಬಿಗಿತವನ್ನು ಕೊಡಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಹಿಡಿಯುವುದು ಹತ್ತು ನಿಮಿಷದ ತಾಳ್ಮೆ. ಹಳೆಯ ಬುಶ್ಶನ್ನು ಒತ್ತಿ ತೆಗೆಯುವ, ಹೊಸದನ್ನು ಅಳತೆಗೆ ಕೂರಿಸುವ ಕೈಚಳಕಕ್ಕೆ ಈ ಸೀಮೆಯಲ್ಲಿ ಕೊರತೆಯಿರಬಾರದು. 1941ರಲ್ಲಿ ಸ್ಥಾಪಿತವಾಗಿ ಲೇತುಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದುದು ಹರಿಹರದಲ್ಲಿ. ಆ ಕಾರ್ಖಾನೆ ಮುಚ್ಚಿಹೋಗಿದ್ದರೂ ಕಬ್ಬಿಣದ ಕೆಲಸವು ಈ ಭಾಗದ ಜನಕ್ಕೆ ಹೊಸದಲ್ಲ. ಆದಕಾರಣ ಯಜಮಾನನು ಮೇಸ್ತ್ರಿಯ ಎದುರು ನಿಂತು, ಬೋಲ್ಟನ್ನು ಎಲ್ಲಿ ಬಿಗಿಯುವಿರೆಂದು ಕೇಳಬೇಕು. ತೆಗೆದ ಹಳೆಯ ಸಾಮಾನನ್ನು ಕೈಗೆ ಕೊಡುವಂತೆ ಕೇಳಬೇಕು. ಹಣ ಕೊಡುವ ಮೊದಲು ಮೇಸ್ತ್ರಿಯನ್ನೇ ಕೂರಿಸಿಕೊಂಡು, ಸದ್ದು ಬರುತ್ತಿದ್ದಂಥ ಒರಟು ದಾರಿಯಲ್ಲಿಯೇ ಗಾಡಿ ಓಡಿಸಿ ನೋಡಬೇಕು. ಕೇಳಿದರೆ ಬೇಸರಪಡುವ ಮೇಸ್ತ್ರಿಯ ಕಡೆಗೆ ಮತ್ತೆ ಹೋಗದಿರುವುದೇ ಲೇಸು. ಬಾಲ್ ಜಾಯಿಂಟು ಅಥವಾ ಟೈ ರಾಡಿನ ತುದಿಯನ್ನು ಬದಲಾಯಿಸಿದ ದಿನವೇ ಗಾಲಿಗಳ ಅಲೈನ್‌ಮೆಂಟನ್ನೂ ಮಾಡಿಸದಿದ್ದರೆ ಹೊಸ ಟೈರು ಒಂದೇ ಸುಗ್ಗಿಗೆ ಸವೆದುಹೋದೀತು.

ಹೇರಿನ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಹೆಚ್ಚು ಹೇರಿದರೆ ಹಿಂದಿನ ಪಟ್ಟಿಗಳಿಗೆ ಮಾತ್ರ ಪೆಟ್ಟು, ಮುಂಭಾಗಕ್ಕೇನೂ ಇಲ್ಲ ಎಂದು ಹಲವರು ಹೇಳುವುದುಂಟು. 1,250 ಕಿಲೋ ಸಾಮರ್ಥ್ಯದ ಗಾಡಿಗೆ 50 ಕಿಲೋ ತೂಕದ 25 ಚೀಲಗಳೇ ಪೂರ್ಣ ಹೇರು. ಅದರ ಮೇಲೆ 40 ಚೀಲಗಳನ್ನೊಟ್ಟಿ, ಜಾಗ ಸಾಲದೆ ಕೆಲವನ್ನು ಹಿಂಬಾಗಿಲಿನ ಆಚೆಗೂ ಚಾಚಿದಾಗ ಹಿಂದಿನ ಅಚ್ಚು ಕುಸಿದು ಗಾಡಿಯ ಮೂತಿ ಮೇಲಕ್ಕೇಳುತ್ತದೆ. ಸ್ಟೀರಿಂಗು ಹಗುರವಾಗುತ್ತದೆ. ಮುಂಗಾಲಿಗಳು ತಗ್ಗುಗಳಲ್ಲಿ ಪೂರ್ತಿಯಾಗಿ ಕೆಳಕ್ಕೆ ಚಾಚಿ ಅಲ್ಲಿ ಬಡಿದು ನಿಲ್ಲುತ್ತವೆ. ಈ ಬಡಿತವನ್ನು ಶಾಕ್ ಅಬ್ಸಾರ್ಬರಿನ ಬುಶ್‌ಗಳೂ ಕೀಲುಗಳೂ ತಾಳಲಾರವು. ಹೇರಿದಾಗ ಮಾತ್ರ ಕೇಳಿಸಿ, ಬರಿದಾದಾಗ ಅಡಗುವ ಸದ್ದಿಗೆ ಹೇರಿನ ಪ್ರಮಾಣವೇ ಮೂಲವಾಗಿರಬಹುದು. ಅದಕ್ಕೆ ಗ್ಯಾರೇಜಿನಲ್ಲಿ ಔಷಧವಿಲ್ಲ.

ಚೀಲಗಳ ಮಾತು ಇಷ್ಟು. ಅದೇ ಗಾಡಿಯ ತೊಟ್ಟಿಯಲ್ಲಿ ನಾಟಿಗೂ ಕಳೆಗೂ ಕೊಯಿಲಿಗೂ ಹೆಣ್ಣಾಳುಗಳನ್ನು ನಿಲ್ಲಿಸಿಕೊಂಡು ನಾಲೆಯ ಏರಿಯ ಮೇಲೆ ಹೋಗುವುದನ್ನು ಗ್ರಾಮ ಮುಖಂಡರು ದಿನವೂ ನೋಡುತ್ತಿದ್ದಾರೆ. ಸರಕಿನ ಗಾಡಿಯು ಜನರಿಗಾಗಿ ಮಾಡಿದ್ದಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ಬೇರೆ ವಾಹನ ದೊರೆಯುವುದಿಲ್ಲ, ಸೂರ್ಯ ಏರುವ ಮೊದಲೇ ಹೊಲ ಸೇರಬೇಕು ಎಂಬ ಸಮಾಧಾನವೂ ಎಲ್ಲರಲ್ಲಿದೆ. ಆ ಮುಂಗಾಲಿಯ ಕೀಲು ಕಳಚುವ ದಿನ ತೊಟ್ಟಿಯಲ್ಲಿ ಮೆಕ್ಕೆಜೋಳವೇ ಇರುವುದೆಂದು ಯಾರು ಹೇಳಬಲ್ಲರು? ಸರಕು ಗಾಡಿಯಲ್ಲಿ ಬಿಟ್ಟಿಯಾಗಿ ಕರೆದೊಯ್ದವರಿಗೆ ಪೆಟ್ಟಾದರೆ ವಿಮಾ ಕಂಪನಿಯು ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಮಾನಿಸಿದೆ. ಸರಕಿನ ಒಡೆಯನೋ ಅವನ ಪ್ರತಿನಿಧಿಯೋ ಸರಕಿನ ಜೊತೆಗೆ ಕುಳಿತು ಬರುವ ಸಂಗತಿ ಬೇರೆ. ಪಕ್ಕದ ಮನೆಯವರೆಂದು, ಹಾದಿಯಲ್ಲಿ ಕೈ ಅಡ್ಡ ಮಾಡಿದರೆಂದು ಹತ್ತಿಸಿಕೊಂಡವರ ಪರಿಹಾರದ ಹಣವು ಗಾಡಿಯ ಯಜಮಾನನ ಜಮೀನಿನ ಮೇಲೆಯೇ ಬಂದು ಬೀಳಬಹುದು.

ಡ್ರೈವರನು ಸದ್ದನ್ನು ಮೊದಲು ಕೇಳುವವನು. ಆದರೆ ದಿನಗೂಲಿಯ ಮೇಲಿರುವ ಆತನು, ಗಾಡಿ ನಿಂತರೆ ತನ್ನ ಕೂಲಿಯೂ ನಿಲ್ಲುವುದೆಂದು ಹೆದರಿ ಬಾಯಿ ಬಿಡುವುದಿಲ್ಲ. ಬಿಟ್ಟರೂ ‘ಸುಗ್ಗಿ ಮುಗಿಯಲಿ, ನೋಡೋಣ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸದ್ದಿನ ಕಾರಣದಿಂದ ಗಾಡಿ ನಿಂತ ದಿನದ ಕೂಲಿಯನ್ನು ಆತನಿಗೆ ಕೊಡುವ ಯಜಮಾನನಿಗೆ ಮಾತ್ರ ಸಕಾಲದಲ್ಲಿ ಸುದ್ದಿ ತಲಪುತ್ತದೆ. ಗಾಡಿಯಲ್ಲಿ ಒಂದು ಚಿಕ್ಕ ಪುಸ್ತಕವನ್ನಿಟ್ಟು, ಯಾವ ದಿನ, ಹೇರಿದ್ದಾಗಲೋ ಬರಿದಿದ್ದಾಗಲೋ, ಬ್ರೇಕಿನಲ್ಲೋ ತಿರುವಿನಲ್ಲೋ, ಯಾವ ಪಕ್ಕದಿಂದ ಸದ್ದು ಬಂದಿತೆಂದು ಬರೆಯಿಸುವುದು ಉಪಯುಕ್ತ. ಅದನ್ನು ತೋರಿಸಿದರೆ ಮೇಸ್ತ್ರಿಯ ಅರ್ಧ ಕೆಲಸ ಹಗುರವಾಗುತ್ತದೆ.

ಮುಂಗಾರಿನ ಮೆಕ್ಕೆಜೋಳದ ಕಟಾವು ಮೊದಲಾಗುವುದಕ್ಕೆ ಹದಿನೈದು ದಿನ ಮುಂಚಿತವಾಗಿ, ಒಂದು ಊರಿನ ಪಿಕಪ್‌ಗಳೆಲ್ಲವನ್ನೂ ಶಾಲೆಯ ಬಯಲಿನಲ್ಲಿಯೋ ಕಣದಲ್ಲಿಯೋ ಒಟ್ಟುಗೂಡಿಸಿ, ನಂಬಿಕಸ್ಥ ಮೇಸ್ತ್ರಿಯೊಬ್ಬನನ್ನು ಪೇಟೆಯಿಂದ ಕರೆಯಿಸಿ, ಪ್ರತಿಯೊಂದರ ಮುಂಗಾಲಿಯನ್ನೂ ಎತ್ತಿಸಿ ನೋಡುವ ಏರ್ಪಾಡನ್ನು ಗ್ರಾಮ ಪಂಚಾಯತಿಯವರು ಮಾಡಿಸಬಹುದು. ಹತ್ತು ಗಾಡಿಗಳಿರುವ ಊರಿಗೆ ಇದು ಒಂದು ದಿನದ ಕೆಲಸ, ಮೇಸ್ತ್ರಿಯ ಒಂದು ದಿನದ ಸಂಬಳವನ್ನು ಹತ್ತು ಮನೆಗಳು ಹಂಚಿಕೊಳ್ಳುವ ಖರ್ಚು. ಬಾಲ್ ಜಾಯಿಂಟಿನಲ್ಲಿ ಆಟ ಕಂಡ ಗಾಡಿಯು ಅಂದು ಹೇರು ಹೊರದೆ, ನಿಧಾನವಾಗಿಯೂ ಅಲ್ಲ, ಇನ್ನೊಂದು ಗಾಡಿಯ ಮೇಲೆ ಏರಿಯೇ ದಾವಣಗೆರೆಗೆ ಹೋಗತಕ್ಕದ್ದು.