476ಕ್ಕೆ ಮುಗಿಯದ ರೋಮ್

ಕಿರುಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಕೊಟ್ಟಿದ್ದೆವು. ರೋಮನ್ ಸಾಮ್ರಾಜ್ಯ ಪತನವಾದದ್ದು ಯಾವಾಗ? ಗೈಡಿನ ಉತ್ತರ ಕ್ರಿ.ಶ. 476. ಒಬ್ಬಳು ಹುಡುಗಿ 1453 ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದವರು ನಾವೇ. ಸಂಜೆ ಬಸ್ಸಿನಲ್ಲಿ ಕುಳಿತ ಮೇಲೆ ತಲೆಗೆ ಹುಳ ಬಿಟ್ಟಂತಾಯಿತು. ಅವಳು ಬರೆದದ್ದರಲ್ಲಿ ತಪ್ಪೇನಿತ್ತು ಮಾರಾಯ್ರೇ?

476ರಲ್ಲಿ ಇಟಲಿಯಲ್ಲಿ ಒಬ್ಬ ಎಳೆಯ ಚಕ್ರವರ್ತಿಯನ್ನು ಪಟ್ಟದಿಂದ ಇಳಿಸಿದರು, ನಿಜ. ಆದರೆ ಕಾನ್‌ಸ್ಟಂಟೈನ್ 330ರಲ್ಲಿ ಬೊಸ್ಪೊರಸ್ ದಂಡೆಯಲ್ಲಿ ಉದ್ಘಾಟಿಸಿದ ರಾಜಧಾನಿಯಲ್ಲಿ ರೋಮನ್ ಚಕ್ರವರ್ತಿ ಆಗಲೂ ಕುಳಿತೇ ಇದ್ದ. 1204ರಿಂದ 1261ರವರೆಗೆ ಆ ನಗರ ಪರರ ಕೈಗೆ ಹೋದದ್ದನ್ನು ಬಿಟ್ಟರೆ, 1453ರ ಮೇ 29ರಂದು ತುರ್ಕರು ಗೋಡೆ ಒಡೆದು ಒಳನುಗ್ಗುವವರೆಗೆ ಅಲ್ಲಿನ ಸಿಂಹಾಸನ ರೋಮನರದ್ದೇ. ನಮ್ಮ ಪಾಠ ಇದಕ್ಕೆ 'ಬೈಜಾಂಟೈನ್' ಎಂದು ಬೇರೆ ಹೆಸರಿಟ್ಟು, ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತದೆ. ಆ ಹೆಸರಿನಿಂದ ಅವರು ತಮ್ಮ ರಾಜ್ಯವನ್ನು ಕರೆದುಕೊಂಡದ್ದೇ ಇಲ್ಲ! ಅವರು ಬಾಳಿದ್ದು, ಸತ್ತದ್ದು ಎಲ್ಲ ರೋಮನರಾಗಿಯೇ. ಅರಬರು, ತುರ್ಕರು ಅವರ ನಾಡನ್ನು 'ರೂಮ್' ಎಂದರು. ಆ ನೆಲದಲ್ಲಿ ನೆಲೆಸಿದ್ದರಿಂದಲೇ ಒಬ್ಬ ದೊಡ್ಡ ಕವಿಗೆ ರೂಮಿ ಎಂಬ ಹೆಸರು ನಿಂತಿತು. 'ಬೈಜಾಂಟೈನ್' ಎಂಬುದನ್ನು ಚಲಾವಣೆಗೆ ತಂದದ್ದು ಹಿರೋನಿಮಸ್ ವುಲ್ಫ್ ಎಂಬ ಜರ್ಮನ್ ವಿದ್ವಾಂಸನ ಗ್ರಂಥಸಂಗ್ರಹ, 1557ರಲ್ಲಿ. ಯಜಮಾನ ಸತ್ತು ನೂರು ವರ್ಷದ ಮೇಲೆ ಪಕ್ಕದ ಮನೆಯವರು ನಾಮಕರಣ ಮಾಡಿದ ಹಾಗೆ.

ಗ್ರೀಕ್ ಮಾತಾಡುವವರು ರೋಮನರು ಹೇಗಾಗುತ್ತಾರೆ ಎಂದು ಬೇರೆ ಊರಿನವರು ಕೇಳಲಿ, ಕಾಸರಗೋಡಿನವರು ಕೇಳಬಾರದು. ರೇಷನ್ ಕಾರ್ಡು ಒಂದು ರಾಜ್ಯದ್ದು, ಮನೆಮಾತು ಇನ್ನೊಂದರದ್ದು. 1956ರಿಂದ ನಾವು ಬಾಳುತ್ತಿರುವುದೇ ಹಾಗಲ್ಲವೇ?

ಜಸ್ಟಿನಿಯನ್ನನ ವಿಷಯವನ್ನೇ ನೋಡಿ. ರೋಮಿನ ಕಾನೂನುಗಳನ್ನೆಲ್ಲ ಒಟ್ಟುಗೂಡಿಸಿ 529ರಿಂದ 534ರೊಳಗೆ ಸಂಹಿತೆ ಮಾಡಿಸಿದವನು ಅವನು. ಯೂರೋಪಿನ ಎಷ್ಟೋ ದೇಶಗಳ ಕಾನೂನಿಗೆ ಇಂದಿಗೂ ಅದೇ ಬುನಾದಿ. ಸಂಹಿತೆ ಲ್ಯಾಟಿನ್ನಿನಲ್ಲಿತ್ತು. ಆದರೆ ಆಮೇಲೆ ಹೊರಡಿಸಿದ ಹೊಸ ಕಾನೂನುಗಳಲ್ಲಿ ಹೆಚ್ಚಿನವು ಗ್ರೀಕಿನಲ್ಲಿವೆ. ಲ್ಯಾಟಿನ್ ಅವನ ತಾಯ್ನುಡಿ. ಆದರೂ ಪೂರ್ವದ ಪ್ರಜೆಗಳಿಗೆ ತಿಳಿಯುವುದು ಗ್ರೀಕ್ ಎಂದು ಅದರಲ್ಲೇ ಬರೆಸಿದ. ಕನ್ನಡದಲ್ಲಿ ಒಂದು ಅರ್ಜಿ ನಮೂನೆಗೆ ಕಚೇರಿಯಿಂದ ಕಚೇರಿಗೆ ಅಲೆಯುವ ನಮಗೆ ಇದು ಸಣ್ಣ ಸಂಗತಿಯೇ? (ಅಥೆನ್ಸಿನ ತತ್ತ್ವಶಾಸ್ತ್ರದ ಪಾಠಕ್ಕೆ 529ರಲ್ಲಿ ನಿಷೇಧ ಹಾಕಿದವನೂ ಇವನೇ. ಹೊಗಳಿ ಅಟ್ಟಕ್ಕೇರಿಸಲು ನಾವು ಹೊರಟಿಲ್ಲ.)

ಇನ್ನು ಮಕ್ಕಳು ಕಂಠಪಾಠ ಮಾಡುವ ಆ ಪ್ರಸಿದ್ಧ ವಾಕ್ಯ: 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿತ್ತು, ವಿದ್ವಾಂಸರು ಇಟಲಿಗೆ ಓಡಿದರು, ಪುನರುಜ್ಜೀವನ ಶುರುವಾಯಿತು. ಮ್ಯಾನುಯೆಲ್ ಕ್ರಿಸೊಲೊರಸ್ ಫ್ಲಾರೆನ್ಸಿನಲ್ಲಿ ಗ್ರೀಕ್ ಪಾಠ ಶುರು ಮಾಡಿದ್ದು 1397ರಲ್ಲಿ! ಓಡಿಬಂದವನಲ್ಲ, ಕರೆಸಿಕೊಂಡ ಮೇಷ್ಟ್ರು. ಬೆಸ್ಸಾರಿಯನ್ 1438ರಲ್ಲಿ ಸಭೆಗೆಂದು ಇಟಲಿಗೆ ಬಂದವನು, ಮುಂದೆ ಅಲ್ಲೇ ಕಾರ್ಡಿನಲ್ ಆದ. 1468ರಲ್ಲಿ ಏಳುನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ವೆನಿಸ್‌ಗೆ ಕೊಟ್ಟ. ಹೋಮರನ 'ಇಲಿಯಡ್'ನ 10ನೇ ಶತಮಾನದ ಹೆಸರಾಂತ ಪ್ರತಿಯೂ ಅವನ ಸಂಗ್ರಹದ್ದೇ. ಅದನ್ನು ನಕಲು ಮಾಡಿ ಉಳಿಸಿದ ಲಿಪಿಕಾರರು ಕಾನ್‌ಸ್ಟಾಂಟಿನೋಪಲಿನವರು. ಸಾವಿರ ವರ್ಷ ಓದಿ, ಬರೆದು, ಕಾಪಾಡಿದವರಿಗೆ ನಮ್ಮ ಪಾಠದಲ್ಲಿ ಸಿಕ್ಕ ಪಾತ್ರ ಗಂಟುಮೂಟೆ ಹೊತ್ತ ನಿರಾಶ್ರಿತರದ್ದು.

ನಗರ ಸುಟ್ಟು ಸೂರೆಯಾದದ್ದೂ 1453ರಲ್ಲಿ ಮೊದಲಲ್ಲ. 1204ರಲ್ಲಿ ನಾಲ್ಕನೇ ಕ್ರುಸೇಡಿನವರು, ಕ್ರೈಸ್ತರೇ, ಅದನ್ನು ಲೂಟಿ ಹೊಡೆದರು. ಅಲ್ಲಿಂದ ಸಾಗಿಸಿದ ಕಂಚಿನ ಕುದುರೆಗಳು ವೆನಿಸಿನ ಸಂತ ಮಾರ್ಕರ ಚರ್ಚಿನಲ್ಲಿವೆ. ಪಾಠದಲ್ಲಿ ಕುದುರೆ ಬಿಡಿ, ಲಾಳವೂ ಇಲ್ಲ.

ಎರಡನೇ ಕಂಠಪಾಠ: ತುರ್ಕರು ದಾರಿ ಮುಚ್ಚಿದರು, ಆದ್ದರಿಂದ ವಾಸ್ಕೋ ಡ ಗಾಮ ಹೊರಟ. ನಮ್ಮ ಕರಾವಳಿಯ ಕರಿಮೆಣಸು ಹೆಚ್ಚಾಗಿ ಹೋಗುತ್ತಿದ್ದದ್ದು ಕೆಂಪು ಸಮುದ್ರ, ಈಜಿಪ್ಟ್ ದಾರಿಯಾಗಿ ವೆನಿಸಿನವರ ಕೈಗೆ. ಈಜಿಪ್ಟ್ 1453ರಲ್ಲಿ ತುರ್ಕರ ವಶದಲ್ಲಿರಲೇ ಇಲ್ಲ, ಹೋದದ್ದು 1517ರಲ್ಲಿ. ಗಾಮ ಕಲ್ಲಿಕೋಟೆ ತಲುಪಿದ್ದು 1498ರಲ್ಲಿ. ಲೆಕ್ಕ ಹೊಂದುತ್ತದೆಯೇ, ನೀವೇ ಹೇಳಿ.

ಮೆಣಸಿನ ಮಾತು ಬಂತಲ್ಲ. ಜಸ್ಟಿನಿಯನ್ನನ ಕಾಲದಲ್ಲಿ, ಸುಮಾರು 550ರಲ್ಲಿ, ಅವನದೇ ಪ್ರಜೆಯಾದ ಅಲೆಕ್ಸಾಂಡ್ರಿಯಾದ ಕಾಸ್ಮಸ್ ಎಂಬ ವರ್ತಕ ಒಂದು ಪುಸ್ತಕ ಬರೆದ. ಭೂಮಿ ಚಪ್ಪಟೆ, ಜಗತ್ತು ಒಂದು ಪೆಟ್ಟಿಗೆ ಎಂದು ಸಾಧಿಸಲು ಹೊರಟ ಪುಣ್ಯಾತ್ಮ. ಆದರೆ ವ್ಯಾಪಾರದ ವಿಷಯದಲ್ಲಿ ಚೊಕ್ಕ. ಮೆಣಸು ಕಳಿಸುವ 'ಮಲೆ' ನಾಡಿನ ಐದು ಬಂದರುಗಳನ್ನು ಹೆಸರಿಸುತ್ತಾನೆ. ಅದರಲ್ಲೊಂದು 'ಮಂಗರೂತ್'. ಅದು ಮಂಗಳೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ನಿಧಿಯಲ್ಲಿ ಆ ಚಕ್ರವರ್ತಿಗಳ ಚಿನ್ನದ ನಾಣ್ಯಗಳಿದ್ದವು. ನಮ್ಮ ಶಾಲೆಯ ಮಕ್ಕಳು ಬಸ್ಸು ಹತ್ತಿ ಆಸ್ಪತ್ರೆಗೆ, ಜವಳಿಗೆ ಹೋಗುವ ಊರು ಆ ಸಾಮ್ರಾಜ್ಯದ ಪುಸ್ತಕದಲ್ಲಿದೆ. ಆ ಸಾಮ್ರಾಜ್ಯ ನಮ್ಮ ಪುಸ್ತಕದಲ್ಲಿಲ್ಲ. ಅನುವಾದವಾಗಿ ಬರುವ ಪಾಠ, ಬರುವಾಗಲೇ ಅರ್ಧ ವರ್ಷ ಕಳೆದಿರುತ್ತದೆ. ಅದರಲ್ಲಿ ಇದನ್ನು ಯಾರು ಸೇರಿಸುತ್ತಾರೆ ಎಂದು ಕಾಯುತ್ತಾ ಕೂರುವುದು ನಮಗೆ ಸಾಕಾಗಿದೆ.

ಮರುದಿನ ಆ ಹುಡುಗಿಯನ್ನು ಕರೆದು ಉತ್ತರ ಪತ್ರಿಕೆ ಮರಳಿ ತರಿಸಿದೆವು. ಒಂದು ಅಂಕ ಸೇರಿಸಿ ಸಹಿ ಹಾಕಿದೆವು. "ಪಬ್ಲಿಕ್ ಪರೀಕ್ಷೆಯಲ್ಲಿ ಬಂದರೆ ಯಾವುದು ಬರೆಯಬೇಕು ಟೀಚರ್?" ಎಂದು ಕೇಳಿದಳು. ಎರಡೂ ಇಸವಿ ಬರೆ, ಯಾಕೆ ಅಂತ ಒಂದು ಸಾಲೂ ಬರೆ ಎಂದೆವು. ಮೌಲ್ಯಮಾಪನಕ್ಕೆ ಕೂರುವ ಸಹೋದ್ಯೋಗಿಗಳೇ, ಆ ಸಾಲು ಕಣ್ಣಿಗೆ ಬಿದ್ದಾಗ ಕೆಂಪು ಪೆನ್ನು ಸ್ವಲ್ಪ ತಡೆಯಿರಿ.