ಕದ್ದ ಕೀಲಿಯಿಂದ ಕನ್ನಡ ಉಳಿಯದು!

ಕನ್ನಡದ ತರುಣ ಮಿತ್ರರೇ,

ಗುಂಡ್ಲುಪೇಟೆ ದಾಟಿದೊಡನೆ ಹೆದ್ದಾರಿ ಕವಲೊಡೆಯುತ್ತದೆ. ಒಂದು ಸುಲ್ತಾನ್ ಬತ್ತೇರಿಗೆ, ಇನ್ನೊಂದು ಬಂಡೀಪುರ ಹಾಯ್ದು ಊಟಿಗೆ. ನೆಲದ ಗಡಿಗೆ ಚೆಕ್‌ಪೋಸ್ಟ್ ಉಂಟು. ಆಕಾಶಕ್ಕೆ ಯಾವ ಚೆಕ್‌ಪೋಸ್ಟ್? ಮಲಯಾಳ, ತಮಿಳು, ಹಿಂದಿ ಎಲ್ಲವೂ ಮನೆ ಮೇಲಿನ ಡಿಶ್ಶಿಗೆ ಸುರಿಯುತ್ತವೆ. ಗಡಿನಾಡಿನ ಮಗುವಿನ ಕಿವಿಗೆ ಸಂಜೆ ಯಾವ ಭಾಷೆ ಬೀಳಬೇಕು? ಅದನ್ನು ತೀರ್ಮಾನಿಸುವುದು ಬಾಕ್ಸಿನೊಳಗಿನ ಒಂದು ಸಣ್ಣ ಕಾರ್ಡು!

ಆ ಕಾರ್ಡಿನ ಗುಟ್ಟು ತಿಳಿಯಿರಿ. ದುಡ್ಡು ಕೊಟ್ಟು ನೋಡುವ ವಾಹಿನಿಗೆ ಬೀಗ ಹಾಕಿಯೇ ಉಪಗ್ರಹಕ್ಕೆ ಕಳಿಸುತ್ತಾರೆ. ಬೀಗ ತೆಗೆಯುವ ಸಂಕೇತ ಕೆಲವೇ ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಚಂದಾದಾರನ ಕಾರ್ಡು ಅದನ್ನು ಬಿಡಿಸಿದರೆ ಮಾತ್ರ ಚಿತ್ರ. 'ಕಾರ್ಡ್ ಶೇರಿಂಗ್' ಎಂದರೆ, ಒಂದು ಕಾರ್ಡು ಬಿಡಿಸಿದ ಸಂಕೇತವನ್ನು ಇಂಟರ್‌ನೆಟ್ಟಿನಲ್ಲಿ ಹತ್ತಾರು ಮನೆಗೆ ಹಂಚುವ ದಂಧೆ.

'ಕಂಪನಿಗೆ ಬುದ್ಧಿ ಕಲಿಸಿದೆವು' ಎಂದು ಬೀಗುವವರಿದ್ದಾರೆ. ಇದು ಹೋರಾಟವಲ್ಲ, ಕಳ್ಳತನ! ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸಲೆಂದು ಇಂಥ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಮೇಲೆ ದಂಡ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕದ್ದು ನೋಡುವ ಕನ್ನಡಿಗ ಚಂದಾದಾರರ ಲೆಕ್ಕದಲ್ಲೇ ಇಲ್ಲ. ಲೆಕ್ಕದಲ್ಲಿಲ್ಲದವನ ಭಾಷೆಗೆ ಮರ್ಯಾದೆ ಕೊಡುವವರು ಯಾರು?

ನೇರ ದಾರಿ ಇದೆ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುವಾದ ಇಂದಿನ ಡಿಡಿ ಫ್ರೀ ಡಿಶ್‌ಗೆ ತಿಂಗಳ ಚಂದಾ ಇಲ್ಲ. ಡಿಶ್, ಬಾಕ್ಸ್ ಕೊಂಡರೆ ಮುಗಿಯಿತು, ಚಂದನ ಮನೆಗೆ ಬರುತ್ತದೆ. ಉಪಗ್ರಹ ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಗುಂಡ್ಲುಪೇಟೆಯ ಮಾಳಿಗೆಯಿಂದ ನೋಡಿದರೆ ಅದು ಅಗ್ನಿಮೂಲೆ: ಉತ್ತರದಿಂದ ಬಲಕ್ಕೆ ಸುಮಾರು 124 ಡಿಗ್ರಿ, ನೆಲದಿಂದ ಮೇಲಕ್ಕೆ ಸುಮಾರು 66 ಡಿಗ್ರಿ. ಆ ದಿಕ್ಕಿಗೆ ತೆಂಗಿನಮರ, ಗೋಡೆ ಅಡ್ಡ ಇರಬಾರದು. ಡಿಶ್ಶನ್ನು ಕೂದಲೆಳೆಯಷ್ಟು ಸರಿಸುತ್ತಾ, ಟಿವಿಯಲ್ಲಿ ಸಿಗ್ನಲ್ ಗುಣಮಟ್ಟದ ಪಟ್ಟಿ ಏರಿದ ಕಡೆ ಬೋಲ್ಟ್ ಬಿಗಿ ಮಾಡಿ. ಇಷ್ಟೇ ವಿದ್ಯೆ!

ಆದರೆ ಇಲ್ಲೂ ನಮಗೆ ಅನ್ಯಾಯ. ಫ್ರೀ ಡಿಶ್ ಜಾಗ ಹರಾಜಾಗುತ್ತದೆ. ಖಾಸಗಿ ವಾಹಿನಿಗಳಲ್ಲಿ ಹಿಂದಿಯದೇ ಸಿಂಹಪಾಲು. ಕನ್ನಡಿಗನ ತೆರಿಗೆ ಬೇಕು, ಕನ್ನಡ ಬೇಡವೇ? ಹಣ ಕಟ್ಟುವ ಡಿಟಿಎಚ್, ಕೇಬಲ್ಲಿನಲ್ಲೂ 2019ರ ಟ್ರಾಯ್ ನಿಯಮದ ಮೇಲೆ ಬೇಕಾದ ವಾಹಿನಿಯನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಿಮ್ಮದು. ಕಂಪನಿ ಕಟ್ಟಿಕೊಟ್ಟ ಗಂಟನ್ನೇ ಏಕೆ ಹೊರುತ್ತೀರಿ?

ಬೆಂಗಳೂರು, ಮೈಸೂರಿನಲ್ಲಿ ನೆಲೆಸಿದ ಯುವಕರೇ, ಯುವತಿಯರೇ! ಮುಂದಿನ ಸಲ ಊರಿಗೆ ಹೋದಾಗ ಮಾಳಿಗೆ ಹತ್ತಿ, ಅಪ್ಪ-ಅಮ್ಮನಿಗೆ ಡಿಶ್ ಸರಿ ಮಾಡಿಕೊಡಿ. ಕನ್ನಡ ವಾಹಿನಿಗಳನ್ನು ಮೊದಲು ಆರಿಸಿ. ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಿ, ಕನ್ನಡದಲ್ಲೇ ಉತ್ತರ ಕೇಳಿ. ಫ್ರೀ ಡಿಶ್‌ನಲ್ಲಿ ಕನ್ನಡಕ್ಕೆ ಹೆಚ್ಚು ಜಾಗ ಕೊಡಿ ಎಂದು ಪ್ರಸಾರ ಭಾರತಿಗೆ ಕಾಗದ ಬರೆಯಿರಿ, ಒಬ್ಬೊಬ್ಬರೂ ಬರೆಯಿರಿ.

ಕದ್ದವನು ತಲೆ ತಗ್ಗಿಸಿ ನಿಲ್ಲಬೇಕು. ಹಕ್ಕು ಕೇಳುವವನು ತಲೆಯೆತ್ತಿ ಕೇಳಬಹುದು. ನೀವು ಯಾರ ಸಾಲಿನಲ್ಲಿ?

ಸಿರಿಗನ್ನಡಂ ಗೆಲ್ಗೆ!