ಎಣ್ಣೆಯ ತಟ್ಟೆಯ ಲೆಕ್ಕ

ಅಮೆರಿಕದ ಡ್ರ್ಯಾಗ್ ಪಂದ್ಯಗಳಲ್ಲಿ ಕಾರು ನಿಂತ ನೆಲೆಯಿಂದ ಚಿಮ್ಮಿ, ಸಾಮಾನ್ಯವಾಗಿ ಕಾಲು ಮೈಲಿಯ ನೇರ ಹಾದಿಯನ್ನು ಕ್ರಮಿಸಬೇಕು. ಇದಕ್ಕಾಗಿ ಎಂಜಿನ್ನಿನ ಅಶ್ವಶಕ್ತಿಯನ್ನೇ ಹೆಚ್ಚಿಸುತ್ತ ಹೋಗುವವರುಂಟು. ಸ್ವಯಂಚಾಲಿತ ಗೇರುಪೆಟ್ಟಿಗೆಯ ಅಡಿಯಲ್ಲಿರುವ ಎಣ್ಣೆಯ ತಟ್ಟೆಗೂ ಅದರೊಳಗಿನ ಶೋಧಕಕ್ಕೂ ಅಷ್ಟೇ ಗಮನ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಇಂಥ ಪೆಟ್ಟಿಗೆಯಲ್ಲಿ ಕ್ಲಚ್ಚಿನ ಫಲಕಗಳನ್ನು ಬಿಗಿಯಾಗಿ ಒತ್ತಿಹಿಡಿಯುವುದು ಎಣ್ಣೆಯ ಒತ್ತಡವೇ. ಎತ್ತುಗಳು ಬಂಡಿಯನ್ನು ಒಮ್ಮೆಲೇ ಎಳೆದರೆ ಕೊಡದ ನೀರು ಹಿಂದಕ್ಕೆ ತುಳುಕುವುದಷ್ಟೆ. ತಟ್ಟೆಯ ಎಣ್ಣೆಯೂ ಅಂತೆಯೇ ಹಿಂದೆ ಸರಿಯುತ್ತದೆ. ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ ಅರ್ಧದಷ್ಟಿದ್ದರೆ ಎಣ್ಣೆಯ ಮೇಲ್ಮೈ ಸುಮಾರು 27 ಡಿಗ್ರಿ ಓರೆಯಾಗುತ್ತದೆ. ಅದಕ್ಕೆ ಸಮನಾದರೆ 45 ಡಿಗ್ರಿ. ಆಗ ಶೋಧಕದ ಬಾಯಿ ಎಣ್ಣೆಯಿಂದ ಹೊರಬಿದ್ದರೆ ಪಂಪು ಗಾಳಿಯನ್ನು ಹೀರುತ್ತದೆ. ಒತ್ತಡ ಕುಸಿದು ಫಲಕಗಳು ಜಾರುತ್ತವೆ, ಸುಡುತ್ತವೆ.

ಆಳವಾದ ತಟ್ಟೆಯೊಂದೇ ಇದಕ್ಕೆ ಪರಿಹಾರವೆಂದು ತಿಳಿಯುವುದು ತಪ್ಪು. ಶೋಧಕದ ಬಾಯನ್ನೂ ಹೊಸ ತಳದ ಸಮೀಪಕ್ಕೆ ಇಳಿಸದಿದ್ದರೆ, ಹೆಚ್ಚಾಗಿ ಸುರಿದ ಎಣ್ಣೆ ಪಂಪಿಗೆ ನಿಲುಕದೆ ಕೆಳಗೇ ಉಳಿಯುತ್ತದೆ. ಬಾಯಿ ತಳಕ್ಕೆ ಅಂಟಿಕೊಂಡರೂ ಹರಿವು ಕಟ್ಟೀತು, ತುಸು ಅಂತರವಿರಬೇಕು. ಅಶ್ವಶಕ್ತಿಗಾಗಿ ಹಣ ಸುರಿಯುವ ಮುನ್ನ ಈ ಚಿಕ್ಕ ಲೆಕ್ಕವನ್ನು ಮಾಡಿನೋಡುವುದು ಲೇಸು.